ಇಂಗ್ಲಿಷಿನಲ್ಲಿ ಕಾಲವನ್ನು ಹೇಳುವ ಬಗೆ



ನೌಕರಿಯ ಅರ್ಜಿಯಲ್ಲಾಗಲಿ ಸಂದರ್ಶನದಲ್ಲಾಗಲಿ ನಿಮಗೆ ಎದುರಾಗುವ ಅನೇಕ ಪ್ರಶ್ನೆಗಳು ಕಾಲಕ್ಕೆ ಸಂಬಂಧಿಸಿದವು. ಯಾವಾಗ ಪಾಸಾದಿರಿ? ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೀರಿ? ಯಾವ ದಿನದೊಳಗೆ ಹಾಜರಾಗುತ್ತೀರಿ? ಉತ್ತರ ಗೊತ್ತಿದ್ದರೂ ಒಂದು ಸಣ್ಣ ಪದದಲ್ಲಿ ನಾವು ಎಡವುತ್ತೇವೆ. ಹಾಗೇಕೆ ಆಗುತ್ತದೆ ಎಂಬುದನ್ನು ಇಂದು ನೋಡೋಣ.

ನಮ್ಮಲ್ಲಿ ಬಹಳಷ್ಟು ಜನರಿಗೆ ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಕನ್ನಡದಲ್ಲಿ ‘ಹತ್ತು ವರ್ಷದಿಂದ’ ಎನ್ನುತ್ತೇವೆ, ‘2014ರಿಂದ’ ಎಂದೂ ಎನ್ನುತ್ತೇವೆ. ಎರಡಕ್ಕೂ ‘ಇಂದ’ ಒಂದೇ. ಉರ್ದುವಿನಲ್ಲಿಯೂ ‘ದಸ್ ಸಾಲ್ ಸೆ’, ‘ಸನ್ 2014 ಸೆ’. ಎರಡಕ್ಕೂ ‘ಸೆ’ ಒಂದೇ. ಇಂಗ್ಲಿಷು ಮಾತ್ರ ಇವನ್ನು ಬೇರೆ ಮಾಡುತ್ತದೆ. ಶುರುವಾದ ಗಳಿಗೆಯನ್ನು ಹೇಳಿದರೆ ‘ಸಿನ್ಸ್’, ಕಳೆದ ಅವಧಿಯನ್ನು ಅಳೆದು ಹೇಳಿದರೆ ‘ಫಾರ್’. ಆದ್ದರಿಂದ ‘ಸಿನ್ಸ್ 2014’ ಸರಿ, ‘ಫಾರ್ ಟೆನ್ ಇಯರ್ಸ್’ ಸರಿ. ‘ಸಿನ್ಸ್ ಟೆನ್ ಇಯರ್ಸ್’ ತಪ್ಪು.

ಇದರ ಜೊತೆ ಕ್ರಿಯಾಪದವನ್ನೂ ಗಮನಿಸಿ. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಎಂದರೆ ಎರಡು ತಪ್ಪು. ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’ ಎನ್ನಬೇಕು.

ಇನ್ನು ‘ಅಟ್’, ‘ಆನ್’, ‘ಇನ್’. ಗಂಟೆಗೆ ‘ಅಟ್’, ದಿನಕ್ಕೆ ಮತ್ತು ತಾರೀಖಿಗೆ ‘ಆನ್’, ತಿಂಗಳಿಗೆ ಮತ್ತು ವರ್ಷಕ್ಕೆ ‘ಇನ್’. ಬಿಜಾಪುರಕ್ಕೆ ವಿಜಯಪುರ ಎಂಬ ಹೆಸರು ಅಧಿಕೃತವಾಗಿ ಬಂದದ್ದು 2014ರ ನವೆಂಬರ್ 1ರಂದು. ತಾರೀಖು ಹೇಳುವಾಗ ‘ಆನ್’, ಬರೀ 2014 ಎನ್ನುವಾಗ ‘ಇನ್’, ಅಂದಿನಿಂದ ಇಂದಿನವರೆಗೆ ಅದೇ ಹೆಸರಿದೆ ಎನ್ನುವಾಗ ‘ಸಿನ್ಸ್’. ಬೆಳಿಗ್ಗೆ ಎನ್ನಲು ‘ಇನ್ ದ ಮಾರ್ನಿಂಗ್’, ಆದರೆ ರಾತ್ರಿಗೆ ‘ಅಟ್ ನೈಟ್’. ಭಾನುವಾರ ಬೆಳಿಗ್ಗೆ ಎಂದರೆ ದಿನದ ಹೆಸರು ಬಂತು, ‘ಆನ್ ಸಂಡೇ ಮಾರ್ನಿಂಗ್’. ‘ಮುಂದಿನ ಸೋಮವಾರ’, ‘ಕಳೆದ ವರ್ಷ’ ಎನ್ನುವಾಗ ಕನ್ನಡದಲ್ಲಿ ಪ್ರತ್ಯಯ ಬೇಡ. ‘ನೆಕ್ಸ್ಟ್ ಮಂಡೇ’, ‘ಲಾಸ್ಟ್ ಇಯರ್’ಗೂ ಯಾವ ಪದವೂ ಬೇಡ. ಇಲ್ಲಿ ಎರಡೂ ಭಾಷೆಗಳು ಒಂದೇ.

ಗೋಳಗುಮ್ಮಟದಲ್ಲಿ ಸಮಾಧಿಯಾಗಿರುವ ಮುಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದ. ಇಲ್ಲಿ ‘ಇಂದ’ ಬಂದರೂ ‘ಸಿನ್ಸ್’ ಬಾರದು. ಆಳ್ವಿಕೆ ಮುಗಿದಿದೆ, ಆದ್ದರಿಂದ ‘ಫ್ರಂ 1627 ಟು 1656’. ಎಷ್ಟು ಕಾಲ? ‘ಫಾರ್ 29 ಇಯರ್ಸ್’. ಅವನ ಆಳ್ವಿಕೆಯಲ್ಲಿ ಏನು ನಡೆಯಿತು ಎಂದು ಹೇಳಲು ‘ಡ್ಯೂರಿಂಗ್ ಹಿಸ್ ರೇನ್’. ‘ಎಷ್ಟು ಹೊತ್ತು’ ಎಂಬುದಕ್ಕೆ ‘ಫಾರ್’, ‘ಯಾವುದರ ನಡುವೆ’ ಎಂಬುದಕ್ಕೆ ‘ಡ್ಯೂರಿಂಗ್’.

ಕೊನೆಯದಾಗಿ, ಹೆಚ್ಚು ನಷ್ಟ ಮಾಡುವ ಜೋಡಿ: ‘ಬೈ’ ಮತ್ತು ‘ಅಂಟಿಲ್’. ‘ಬೈ ಫ್ರೈಡೇ’ ಎಂದರೆ ಕೆಲಸ ಶುಕ್ರವಾರದೊಳಗೆ ಮುಗಿದಿರಬೇಕು. ಬುಧವಾರವೇ ಮುಗಿಸಿದರೂ ಸರಿ. ‘ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದ ತನಕ ಕೆಲಸ ನಡೆಯುತ್ತಲೇ ಇರಬೇಕು. ಅರ್ಜಿ ತಲುಪಿಸುವುದು ‘ಬೈ’, ಕಚೇರಿ ತೆರೆದಿರುವುದು ‘ಅಂಟಿಲ್’. ‘ಎರಡು ದಿನದೊಳಗೆ’ ಎಂದು ಅವಧಿ ಹೇಳಿದರೆ ‘ಬೈ’ ಅಲ್ಲ, ‘ವಿದಿನ್ ಟೂ ಡೇಸ್’. ಸೂಚನೆಯನ್ನು ತಪ್ಪಾಗಿ ಓದಿಕೊಂಡ ವಿದ್ಯಾರ್ಥಿ ಎಷ್ಟೇ ಅಂಕ ಪಡೆದಿದ್ದರೂ ಅವನ ಅರ್ಜಿ ತಡವಾದ ಅರ್ಜಿಯೇ.

ವಿದ್ಯಾರ್ಥಿಗಳೇ, ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ನಾನು ಹೇಳುತ್ತಿರುವುದು ಕಾಲದ ಒಂದು ಗುರುತೋ, ಒಂದು ಅಳತೆಯೋ? ಅದು ತಿಳಿದರೆ ಅರ್ಧ ದಾರಿ ಸಾಗಿದಂತೆ. ಇಂದು ರಾತ್ರಿಯೇ ನಿಮ್ಮ ಶಾಲೆಯ ವರ್ಷಗಳ ಬಗ್ಗೆ ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆದು, ನಾಳೆ ನಿಮ್ಮ ಗುರುಗಳಿಗೆ ತೋರಿಸಿರಿ.