ಕಾರಿನ ದಾರಿ, ಕಾಲಿನ ದಾರಿ

(ಉಪನ್ಯಾಸವೊಂದರ ಬರಹ ರೂಪ)



ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ವಾರವಿಡೀ ಕಚೇರಿಯಲ್ಲಿ ದುಡಿಯುವ ಕೆಲವರು ಶನಿವಾರ ನಸುಕಿನಲ್ಲೇ ಎರಡು ಕಾರುಗಳಲ್ಲಿ ಪಶ್ಚಿಮದ ಬೆಟ್ಟಗಳತ್ತ ಹೊರಡುತ್ತಾರೆ. ಒಂದು ಕಾರನ್ನು ಬೆಟ್ಟಸಾಲಿನ ಒಂದು ಕಡೆ ನಿಲ್ಲಿಸಿ, ಎಲ್ಲರೂ ಇನ್ನೊಂದರಲ್ಲಿ ಕೂತು ಮೂವತ್ತು ಕಿ.ಮೀ. ಆಚೆಗೆ ಹೋಗುತ್ತಾರೆ. ಅಲ್ಲಿ ಇಳಿದು ನಡಿಗೆ ಆರಂಭ. ರಾತ್ರಿ ಕಾಡಿನಲ್ಲೇ ವಾಸ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೊದಲು ಬಿಟ್ಟುಬಂದ ಕಾರು ಸಿಗುತ್ತದೆ. ಸೋಮವಾರ ಬೆಳಿಗ್ಗೆ ಮತ್ತೆ ಕಚೇರಿ. ಮನೆಯ ನಕ್ಷೆಯಲ್ಲಿ ಮೂವತ್ತು ಕಿ.ಮೀ. ಉದ್ದದ ಗೆರೆಯೊಂದು ಸೇರುತ್ತದೆ. ಇನ್ನೂ ಉಳಿದಿರುವುದು ಮೂರು ಸಾವಿರಕ್ಕೂ ಹೆಚ್ಚು!

ಈ ಕಾಲುದಾರಿಯ ಹೆಸರು ಅಪಲೇಷಿಯನ್ ಟ್ರೇಲ್. ದಕ್ಷಿಣದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾದುಹೋಗುವ ಇದರ ಉದ್ದ ಸುಮಾರು 3,500 ಕಿ.ಮೀ. ಮರಗಳ ಮೇಲೆ ಎರಡು ಅಂಗುಲ ಅಗಲ, ಆರು ಅಂಗುಲ ಎತ್ತರದ ಬಿಳಿ ಪಟ್ಟೆಗಳನ್ನು ಬಳಿದಿರುತ್ತಾರೆ. ಅದೇ ದಾರಿಯ ಗುರುತು. ಒಂದರ ಮೇಲೊಂದು ಎರಡು ಪಟ್ಟೆ ಕಂಡರೆ ತಿರುವು ಬಂತೆಂದು ಅರ್ಥ. ನೀಲಿ ಪಟ್ಟೆಯಾದರೆ ಅದು ನೀರಿನ ಒರತೆಗೋ ತಂಗುಮನೆಗೋ ಒಯ್ಯುವ ಕವಲು ದಾರಿ. ದಾರಿಯ ದುರಸ್ತಿಯನ್ನು ಹೆಚ್ಚಾಗಿ ನೋಡಿಕೊಳ್ಳುವವರು ಚಾರಣ ಸಂಘಗಳ ಸ್ವಯಂಸೇವಕರು.

ಇಡೀ ದಾರಿಯನ್ನು ಒಂದೇ ಬಾರಿಗೆ ನಡೆದು ಮುಗಿಸಲು ಐದರಿಂದ ಏಳು ತಿಂಗಳು ಬೇಕು. ಅಷ್ಟು ಬಿಡುವು ಯಾರಿಗುಂಟು? ಆದ್ದರಿಂದ ಬಹಳ ಮಂದಿ ಸಾಲ ತೀರಿಸಿದಂತೆ ಕಂತು ಕಂತಾಗಿ ನಡೆಯುತ್ತಾರೆ. ಈ ವಾರಾಂತ್ಯ ಒಂದು ತುಂಡು, ಮುಂದಿನ ರಜೆಯಲ್ಲಿ ಮತ್ತೊಂದು. ಹೀಗೆ ಹತ್ತು ವರ್ಷ, ಇಪ್ಪತ್ತು ವರ್ಷ ನಡೆದವರೂ ಇದ್ದಾರೆ. ಎರಡು ಕಾರಿನ ಉಪಾಯವಲ್ಲದೆ ಇನ್ನೊಂದು ಉಪಾಯವೂ ಉಂಟು. ಎರಡು ತಂಡಗಳು ಎದುರುಬದುರು ತುದಿಗಳಿಂದ ಹೊರಟು, ನಡುದಾರಿಯಲ್ಲಿ ಸಂಧಿಸಿದಾಗ ಕಾರಿನ ಬೀಗದ ಕೈ ಬದಲಾಯಿಸಿಕೊಳ್ಳುತ್ತವೆ. ಪ್ರತಿ ತಂಡವೂ ಇನ್ನೊಂದರ ಕಾರಿನಲ್ಲಿ ಊರು ಸೇರುತ್ತದೆ.

ಇಂಥ ನಡಿಗೆಯನ್ನು ಅರೆಬರೆ ಸಾಹಸವೆಂದು ಭಾವಿಸುವವರಿದ್ದಾರೆ. ಇತಿಹಾಸ ಹೇಳುವುದೇ ಬೇರೆ.

ಬೆಂಟನ್ ಮಕಾಯ್ ಅರಣ್ಯ ತಜ್ಞರು, ಪ್ರದೇಶ ಯೋಜನೆಯ ಚಿಂತಕರು. 1921ರ ಅಕ್ಟೋಬರ್‌ನಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಅವರು ಈ ದಾರಿಯ ಕಲ್ಪನೆಯನ್ನು ಮುಂದಿಟ್ಟರು. ವರ್ಷದಲ್ಲಿ ಕೆಲವೇ ದಿನ ರಜೆ ಸಿಗುವ ನಗರದ ದುಡಿಮೆಗಾರರು ಅವರ ಕಣ್ಣ ಮುಂದಿದ್ದರು. ಕಿಕ್ಕಿರಿದ ಪೂರ್ವ ಕರಾವಳಿಯ ನಗರಗಳಿಗೆ ಹತ್ತಿರವೇ ಇರುವ ಬೆಟ್ಟಸಾಲು ಅಂಥವರಿಗೆ ಉಸಿರಾಡುವ ಜಾಗವಾಗಬೇಕೆಂಬುದು ಅವರ ಆಸೆ. ದಾರಿಯ ಜತೆಗೆ ಶಿಬಿರಗಳು, ಸಹಕಾರಿ ತೋಟಗಳು ಇರಬೇಕೆಂದೂ ಅವರು ಬಯಸಿದ್ದರು. ಅವು ಕಾಗದದಲ್ಲೇ ಉಳಿದವು. ದಾರಿ ಮಾತ್ರ ಬೆಳೆಯಿತು.

ಬೆಳೆಸಿದವರಲ್ಲಿ ಮುಖ್ಯರು ವಾಷಿಂಗ್ಟನ್ನಿನ ವಕೀಲ ಮೈರನ್ ಏವರಿ. ಅವರು ಕನಸುಗಾರರಲ್ಲ, ಕೆಲಸಗಾರರು. ಅಳತೆಯ ಚಕ್ರವೊಂದನ್ನು ತಳ್ಳುತ್ತಾ ನಡೆದು ದಾರಿಯ ಉದ್ದವನ್ನು ಲೆಕ್ಕಹಾಕಿದರು. 1936ರಲ್ಲಿ ಇಡೀ ದಾರಿಯನ್ನು ನಡೆದ ಮೊದಲಿಗರೆನಿಸಿದರು. ಉದ್ಯೋಗ ಬಿಡದೆ, ವರ್ಷಗಳ ಕಾಲ ತುಂಡು ತುಂಡಾಗಿ ನಡೆದದ್ದು ಅದು. ಅಂದರೆ ಮೊದಲು ಗುರಿ ಮುಟ್ಟಿದವರೇ ಕಂತಿನ ನಡಿಗೆಯವರು. ದಾರಿಯ ಕೊನೆಯ ಕೊಂಡಿ 1937ರಲ್ಲಿ ಕೂಡಿಕೊಂಡಿತು. ಒಂದೇ ಬಾರಿಗೆ ನಡೆದು ಮುಗಿಸಿದೆನೆಂದು ವರದಿ ಮಾಡಿದ ಮೊದಲಿಗ ಅರ್ಲ್ ಶಾಫರ್. ಅದು 1948ರ ಮಾತು. ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಒಂಟಿಯಾಗಿ ಇಡೀ ದಾರಿ ನಡೆದು ಹೆಸರಾದರು. ಮೂರನೇ ಸಲ ಅವರೂ ಕಂತುಗಳಲ್ಲೇ ನಡೆದು 1964ರಲ್ಲಿ ಪೂರೈಸಿದರು.

ಇನ್ನು ಕಾರಿನ ದಾರಿಯ ಕಥೆ. ವರ್ಜೀನಿಯಾದ ಬ್ಲೂ ರಿಜ್ ಬೆಟ್ಟಗಳ ನೆತ್ತಿಯ ಮೇಲೆ 1931ರಲ್ಲಿ ‘ಸ್ಕೈಲೈನ್ ಡ್ರೈವ್’ ಎಂಬ ರಸ್ತೆಯ ಕಾಮಗಾರಿ ಆರಂಭವಾಯಿತು. 169 ಕಿ.ಮೀ. ಉದ್ದದ ಈ ರಸ್ತೆ ಕಾಲುದಾರಿ ಇದ್ದ ಜಾಗವನ್ನೇ ಹಲವೆಡೆ ನುಂಗಿತು. ಮಕಾಯ್ ಕೆರಳಿದರು. ಮೋಟಾರಿನ ಸದ್ದಿನಿಂದ ತಪ್ಪಿಸಿಕೊಳ್ಳಲೆಂದೇ ಹುಟ್ಟಿದ ದಾರಿಯ ಪಕ್ಕಕ್ಕೇ ಮೋಟಾರು ಬಂದರೆ ಅದಕ್ಕೇನು ಅರ್ಥ ಎಂಬುದು ಅವರ ವಾದ. ಏವರಿಯವರದು ವ್ಯವಹಾರದ ಮಾತು: ರಸ್ತೆ ನಿಲ್ಲುವಂತಿಲ್ಲ, ಸರ್ಕಾರವೇ ದಾರಿಯನ್ನು ಬೇರೆಡೆ ಕಟ್ಟಿಕೊಡುವುದಾದರೆ ಒಪ್ಪೋಣ. ಈ ಜಗಳದಲ್ಲಿ ಇಬ್ಬರ ಸ್ನೇಹವೇ ಮುರಿಯಿತು. ಮಕಾಯ್ 1935ರಲ್ಲಿ ಇತರರೊಂದಿಗೆ ಸೇರಿ, ಕಾಡನ್ನು ಕಾಡಾಗಿಯೇ ಉಳಿಸಲು ‘ವೈಲ್ಡರ್‌ನೆಸ್ ಸೊಸೈಟಿ’ಯನ್ನು ಸ್ಥಾಪಿಸಿದರು.

ಏವರಿ ಗೆದ್ದರು. ರಸ್ತೆ ಮುಗಿಯಿತು, ನಿರುದ್ಯೋಗಿ ಯುವಕರಿಗಾಗಿ ಸರ್ಕಾರ ಕಟ್ಟಿದ್ದ ಪಡೆ ಕಾಲುದಾರಿಯನ್ನು ಮತ್ತೆ ಕಡಿದುಕೊಟ್ಟಿತು. ಇಂದು ಇಲ್ಲಿನ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ ಕಾಲುದಾರಿ ಇಪ್ಪತ್ತಕ್ಕೂ ಹೆಚ್ಚು ಬಾರಿ ರಸ್ತೆಯನ್ನು ದಾಟುತ್ತದೆ. ಎರಡು ದಿನದ ನಡಿಗೆಗೆ ಇದಕ್ಕಿಂತ ಅನುಕೂಲದ ಜಾಗ ಬೇರಿಲ್ಲವೆಂದರೂ ನಡೆದೀತು. ಎಲ್ಲಿ ಬೇಕಾದರೂ ಇಳಿಯಬಹುದು, ಕಾಲು ಉಳುಕಿದರೆ ಅರ್ಧಕ್ಕೇ ರಸ್ತೆ ಸೇರಬಹುದು. ರಾತ್ರಿ ಕಾಡಿನಲ್ಲಿ ತಂಗಲು ಅನುಮತಿ ಪತ್ರ ಬೇಕು. ಕರಡಿಗಳಿಗೆ ಎಟುಕದಂತೆ ಬುತ್ತಿಯನ್ನು ಮೇಲೆ ತೂಗುಹಾಕಬೇಕು, ಇಲ್ಲವೇ ಭದ್ರವಾದ ಡಬ್ಬಿಯಲ್ಲಿಡಬೇಕು.

ಆದರೆ ಈ ಅನುಕೂಲಕ್ಕೆ ಬೆಲೆ ತೆತ್ತವರಿದ್ದಾರೆ. ಉದ್ಯಾನಕ್ಕಾಗಿ ವರ್ಜೀನಿಯಾ ಸರ್ಕಾರ ಭೂಮಿಯನ್ನು ವಶಪಡಿಸಿಕೊಂಡಾಗ ನೂರಾರು ಬೆಟ್ಟದ ಕುಟುಂಬಗಳು ಮನೆ ಬಿಡಬೇಕಾಯಿತು. ಅವರ ಮನೆಗಳ ಕಲ್ಲಿನ ಹೊಗೆಗೂಡುಗಳು, ಸ್ಮಶಾನಗಳು ಇಂದಿಗೂ ಕಾಡಿನ ನಡುವೆ ಕಾಣಸಿಗುತ್ತವೆ. ರಸ್ತೆ ಎಲ್ಲರಿಗೆಂದು ಹೇಳಿದರೂ, 1939ರಲ್ಲಿ ಆರಂಭವಾದ ಲೂಯಿಸ್ ಮೌಂಟನ್ ಶಿಬಿರವನ್ನು ಕರಿಯರಿಗೆಂದೇ ಪ್ರತ್ಯೇಕವಾಗಿ ಇಡಲಾಗಿತ್ತು. ಈ ಭೇದ ಪೂರ್ತಿ ಅಳಿಯಲು 1950 ಬರಬೇಕಾಯಿತು.

ಹಾಗಾದರೆ ರಸ್ತೆ ಸರಿಯೇ, ತಪ್ಪೇ? ಮಕಾಯ್ ಅವರ ಭಯ ಸುಳ್ಳಾಗಲಿಲ್ಲ. ಆ ಬೆಟ್ಟದ ನೆತ್ತಿಯ ಮೌನ ಮರಳಿ ಬರಲಿಲ್ಲ. ಆದರೆ ಅವರು ಬರೆದದ್ದು ಆರು ತಿಂಗಳ ಬಿಡುವಿರುವ ಸುಖವಂತರಿಗಾಗಿ ಅಲ್ಲ, ದಿನ ಎಣಿಸಿ ರಜೆ ಹಾಕುವವರಿಗಾಗಿ. ಅಂಥವರನ್ನು ಬೆಟ್ಟದ ಬುಡಕ್ಕೆ ತಂದು ಬಿಟ್ಟದ್ದು ಅವರು ವಿರೋಧಿಸಿದ ರಸ್ತೆಯೇ. ಈ ವೈರುಧ್ಯ ದಾರಿಯ ಇತಿಹಾಸದಲ್ಲೇ ಬೆರೆತುಹೋಗಿದೆ. 1968ರ ಕಾನೂನು ಈ ದಾರಿಗೆ ರಾಷ್ಟ್ರೀಯ ಮಾನ್ಯತೆ, ರಕ್ಷಣೆ ಕೊಟ್ಟಾಗ ಏವರಿ ತೀರಿಕೊಂಡು 16 ವರ್ಷವಾಗಿತ್ತು. ಮಕಾಯ್ ಅದನ್ನು ಕಂಡರು. 1975ರಲ್ಲಿ, 96ನೇ ವಯಸ್ಸಿನಲ್ಲಿ ನಿಧನರಾದರು.

ದಾರಿ ಪೂರೈಸಿದವರ ಪಟ್ಟಿಯನ್ನು ಅಪಲೇಷಿಯನ್ ಟ್ರೇಲ್ ಕನ್ಸರ್ವೆನ್ಸಿ ಸಂಸ್ಥೆ ಇಡುತ್ತದೆ. ಅಲ್ಲಿ ಒಂದೇ ಬಾರಿಗೆ ನಡೆದವರು ಮೇಲು, ಕಂತಿನವರು ಕೀಳು ಎಂಬ ಭೇದವಿಲ್ಲ. ಕಾಲಮಿತಿಯೂ ಇಲ್ಲ, ಸಾಕ್ಷಿಯನ್ನೂ ಕೇಳುವುದಿಲ್ಲ. ನಡೆದವರ ಮಾತೇ ಪ್ರಮಾಣ.