‘ಕಡತ ಸಿಗುತ್ತಿಲ್ಲ’ ಎನ್ನುವ ಮುನ್ನ: ಕಚೇರಿ ಗಣಕಯಂತ್ರದಲ್ಲಿ ದಾಖಲೆ ಹುಡುಕುವ ತಂತ್ರಾಂಶಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆಲವು ವರ್ಷಗಳ ಹಿಂದೆ ನಾನು ಒಂದು ಪಂಚಾಯತಿ ಕಚೇರಿಯಲ್ಲಿ ಕುಳಿತಿದ್ದಾಗ, ವಯಸ್ಸಾದ ತಾಯಿಯೊಬ್ಬರು ತಮ್ಮ ಬೀದಿಯ ಚರಂಡಿ ಕಾಮಗಾರಿಗೆ ಸಭೆಯು ಒಪ್ಪಿಗೆ ನೀಡಿದ ನಿರ್ಣಯದ ಪ್ರತಿಯನ್ನು ಕೇಳಿಕೊಂಡು ಬಂದರು. ಅದು ಅವರ ಮೂರನೆಯ ಭೇಟಿ. ಆಪರೇಟರ್ ಗಣಕಯಂತ್ರದಲ್ಲಿ ‘ನಿರ್ಣಯ’ ಎಂದು ಟೈಪ್ ಮಾಡಿ ಹುಡುಕಿದರು. ಪರದೆಯ ಮೇಲೆ ಏನೂ ಕಾಣಲಿಲ್ಲ. ‘ಕಂಪ್ಯೂಟರ್‌ನಲ್ಲಿ ಇಲ್ಲಮ್ಮ’ ಎಂದರು. ತಾಯಿ ಹಿಂದಿರುಗಿದ ಮೇಲೆ ನಾವು ಕುಳಿತು ಹುಡುಕಿದೆವು. ಡಿ ಡ್ರೈವ್‌ನಲ್ಲಿ, ಹಿಂದಿನ ಆಪರೇಟರ್ ಮಾಡಿಟ್ಟಿದ್ದ ಫೋಲ್ಡರ್‌ನೊಳಗೆ, ‘ಮೀಟಿಂಗ್ ಹೊಸದು 3’ ಎಂಬ ಹೆಸರಿನಲ್ಲಿ, ಹಳೆಯ ನುಡಿ ಅಕ್ಷರದಲ್ಲಿ ಅದೇ ಸಭೆಯ ನಡವಳಿ ಇತ್ತು. ಮೂರು ದಿನ ಅವರು ಕಳೆದುಕೊಂಡ ಕೂಲಿಯನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ.

ಆ ಕಡತವು ಸಿಗದಿರುವುದಕ್ಕೆ ಮೂರು ಕಾರಣಗಳಿದ್ದವು. ಅದು ಇದ್ದ ಸ್ಥಳ, ಅದಕ್ಕಿಟ್ಟ ಹೆಸರು ಮತ್ತು ಅದನ್ನು ಬರೆದ ಅಕ್ಷರ. ಇಂದಿನ ನನ್ನ ಮಾತುಗಳು ಈ ಮೂರನ್ನು ಕುರಿತವು. ಹುಡುಕುವ ತಂತ್ರಾಂಶಗಳು ಹಲವಿವೆ. ಯಾವುದು ಯಾವ ಕೆಲಸಕ್ಕೆ ಒದಗುತ್ತದೆ ಎಂಬುದನ್ನು ತಿಳಿಯದೆ ಒಂದೇ ಸಲ ಹುಡುಕಿ ‘ಇಲ್ಲ’ ಎನ್ನುವುದು ಸರಿಯಲ್ಲ ಎಂಬುದೇ ನಾನು ಹೇಳಬಯಸುವ ಮುಖ್ಯ ಸಂಗತಿ.

ಇದು ಕೇವಲ ಅನುಕೂಲದ ವಿಷಯವಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಎ) ಪ್ರಕರಣವು ದಾಖಲೆಗಳನ್ನು ವರ್ಗೀಕರಿಸಿ, ಸೂಚಿಯೊಂದಿಗೆ ನಿರ್ವಹಿಸಬೇಕೆಂದು ಪ್ರತಿ ಸಾರ್ವಜನಿಕ ಪ್ರಾಧಿಕಾರಕ್ಕೂ ವಿಧಿಸಿದೆ. ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಸಕಾರಣವಿಲ್ಲದೆ ತಡವಾದಲ್ಲಿ 20ನೇ ಪ್ರಕರಣದಂತೆ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ಪಂಚತಂತ್ರ, ಇ-ಸ್ವತ್ತು ಮುಂತಾದವುಗಳಲ್ಲಿನ ಮಾಹಿತಿ ಆನ್‌ಲೈನ್‌ನಲ್ಲಿ ದೊರೆಯುತ್ತದೆ. ಆದರೆ ನಡವಳಿಯ ಕರಡು, ಪತ್ರ ವ್ಯವಹಾರ, ಅಂದಾಜು ಪಟ್ಟಿ, ಕಾಮಗಾರಿಯ ಛಾಯಾಚಿತ್ರ, ಸ್ಕ್ಯಾನ್ ಪ್ರತಿ ಇವೆಲ್ಲವೂ ಬಹುತೇಕ ಕಚೇರಿಯ ಗಣಕಯಂತ್ರದಲ್ಲೇ ಇರುತ್ತವೆ. ಸಹಿಯಾದ ನಡವಳಿ ಪುಸ್ತಕವೇ ಮೂಲ ದಾಖಲೆ ಎಂಬುದು ನಿಜ. ಆದರೆ ಯಾವ ಪುಸ್ತಕದ ಯಾವ ಪುಟ ಎಂಬುದಕ್ಕೆ ದಾರಿ ತೋರಿಸುವುದು ಗಣಕಯಂತ್ರದ ಪ್ರತಿಯೇ.

ವಿಂಡೋಸ್‌ನ ಸ್ವಂತ ಹುಡುಕಾಟ

ಮೊದಲನೆಯದು, ವಿಂಡೋಸ್‌ನಲ್ಲಿಯೇ ಇರುವ ಹುಡುಕಾಟ. ಇದು ಕಡತಗಳ ಹೆಸರು ಮತ್ತು ಒಳಗಿನ ಪದಗಳ ಒಂದು ಸೂಚಿಯನ್ನು ಮೊದಲೇ ಸಿದ್ಧಪಡಿಸಿಕೊಂಡು, ಕೇಳಿದಾಗ ಆ ಸೂಚಿಯನ್ನು ನೋಡಿ ಉತ್ತರಿಸುತ್ತದೆ. ಪುಸ್ತಕದ ಕೊನೆಯ ಪದಸೂಚಿಯನ್ನು ನೋಡಿ ಪುಟ ತೆರೆಯುವಂತೆಯೇ ಇದು. ಹಣ ಕೊಡಬೇಕಿಲ್ಲ, ಹೊಸದಾಗಿ ಅಳವಡಿಸಬೇಕಿಲ್ಲ.

ಇದರ ಮಿತಿಯನ್ನು ತಾವು ನೆನಪಿಡಬೇಕು. ವಿಂಡೋಸ್ 10 ಮತ್ತು 11ರಲ್ಲಿ ಹುಡುಕಾಟಕ್ಕೆ ‘ಕ್ಲಾಸಿಕ್’ ಮತ್ತು ‘ಎನ್‌ಹಾನ್ಸ್ಡ್’ ಎಂಬ ಎರಡು ಬಗೆಗಳಿವೆ. ಕ್ಲಾಸಿಕ್ ಬಗೆಯು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಮತ್ತು ಡೆಸ್ಕ್‌ಟಾಪ್ ಸ್ಥಳಗಳನ್ನು ಮಾತ್ರ ಸೂಚಿಗೆ ಸೇರಿಸುತ್ತದೆ. ನಮ್ಮ ಕಚೇರಿಗಳಲ್ಲಿಯೋ, ವಿಂಡೋಸ್ ಕೆಟ್ಟರೂ ಕಡತ ಉಳಿಯಲೆಂದು ಎಲ್ಲವನ್ನೂ ಡಿ ಡ್ರೈವ್‌ನಲ್ಲಿ ಇಡುವುದು ರೂಢಿ. ಅಂದರೆ ಕಡತಗಳು ಒಂದು ಕೋಣೆಯಲ್ಲಿ, ಸೂಚಿ ಇನ್ನೊಂದು ಕೋಣೆಯದು! ಸೆಟ್ಟಿಂಗ್ಸ್‌ನಲ್ಲಿ ಹುಡುಕಾಟದ ವಿಭಾಗಕ್ಕೆ ಹೋಗಿ ಡಿ ಡ್ರೈವ್‌ನ ಕಚೇರಿ ಫೋಲ್ಡರನ್ನು ಸೂಚಿಗೆ ಸೇರಿಸಿದರೆ ಈ ದೋಷ ನಿವಾರಣೆಯಾಗುತ್ತದೆ. ಸೂಚಿ ಪೂರ್ಣಗೊಳ್ಳಲು ಸಮಯ ಬೇಕಾಗುವುದರಿಂದ, ಫಲಿತಾಂಶವನ್ನು ತಕ್ಷಣವೇ ನಿರೀಕ್ಷಿಸಬಾರದು.

ಹೆಸರು ನೆನಪಿದ್ದರೆ ‘ಎವೆರಿಥಿಂಗ್’

ಎರಡನೆಯದು, ವಾಯ್ಡ್‌ಟೂಲ್ಸ್‌ನವರ ‘ಎವೆರಿಥಿಂಗ್’ ಎಂಬ ಉಚಿತ ತಂತ್ರಾಂಶ. ವಿಂಡೋಸ್ ತನ್ನ ಡಿಸ್ಕ್‌ನಲ್ಲಿರುವ ಎಲ್ಲ ಕಡತಗಳ ಒಂದು ದೊಡ್ಡ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಎವೆರಿಥಿಂಗ್ ಆ ಪಟ್ಟಿಯನ್ನೇ ನೇರವಾಗಿ ಓದುತ್ತದೆ. ಆದ್ದರಿಂದ ಸುಮಾರು 10 ಲಕ್ಷ ಕಡತಗಳಿದ್ದರೂ ಅದು ಸಿದ್ಧವಾಗಲು ಒಂದು ನಿಮಿಷ ಸಾಕು. ಆ ಬಳಿಕ ಒಂದೊಂದು ಅಕ್ಷರ ಟೈಪ್ ಮಾಡಿದಂತೆ ಫಲಿತಾಂಶ ಕಾಣುತ್ತದೆ. ಎನ್‌ಟಿಎಫ್‌ಎಸ್ ವಿಧಾನದ ಡ್ರೈವ್‌ಗಳಾದರೆ ಸಿ ಆಗಲಿ, ಡಿ ಆಗಲಿ, ಭೇದವಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತಗಳೂ ಸಿಗುತ್ತವೆ. ಬದಲಾವಣೆಯಾದ ದಿನಾಂಕದಂತೆ ಪಟ್ಟಿಯನ್ನು ಜೋಡಿಸಿಕೊಂಡರೆ, ಆ ತಿಂಗಳಲ್ಲಿ ಕೆಲಸ ಮಾಡಿದ ಕಡತಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಆದರೆ ಇದು ಮೂಲತಃ ನೋಡುವುದು ಹೆಸರನ್ನು, ಒಳಗಿನ ಬರಹವನ್ನಲ್ಲ. ‘ಮೀಟಿಂಗ್ ಹೊಸದು 3’ ಎಂದು ಹೆಸರಿಟ್ಟ ನಡವಳಿಯನ್ನು ‘ಚರಂಡಿ’ ಎಂದು ಕೇಳಿದರೆ ಇದು ತೋರಿಸಲಾರದು.

ಒಳಗಿನ ಮಾತು ನೆನಪಿದ್ದರೆ ‘ಡಾಕ್‌ಫೆಚರ್’

ಮೂರನೆಯದು ‘ಡಾಕ್‌ಫೆಚರ್’. ಇದರ ಮೂಲ ಆವೃತ್ತಿ ಮುಕ್ತ ತಂತ್ರಾಂಶ. ಹಣ ಕೊಡಬೇಕಾದ ಬೇರೊಂದು ಆವೃತ್ತಿಯೂ ಇದೆ. ನಾವು ಸೂಚಿಸಿದ ಫೋಲ್ಡರ್‌ನಲ್ಲಿರುವ ವರ್ಡ್, ಎಕ್ಸೆಲ್, ಪಿಡಿಎಫ್ ಮುಂತಾದ ಕಡತಗಳ ಒಳಗಿನ ಪದಗಳಿಗೆಲ್ಲ ಇದು ಸೂಚಿ ಮಾಡುತ್ತದೆ. ಪದವು ಎಲ್ಲಿದೆ ಎಂಬುದನ್ನು ಬಣ್ಣ ಹಚ್ಚಿ ತೋರಿಸುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ನಡೆಯುತ್ತದೆ. ಲಿನಕ್ಸ್ ಬಳಸುವವರಿಗೆ ಇದೇ ಬಗೆಯ ‘ರಿಕಾಲ್’ ಕೂಡ ಇದೆ. ಸೂಚಿಯನ್ನೇ ಮಾಡದೆ, ಕೇಳಿದಾಗಲೆಲ್ಲ ಕಡತಗಳನ್ನು ಒಂದೊಂದಾಗಿ ತೆರೆದು ನೋಡುವ ‘ಏಜೆಂಟ್ ರಾನ್ಸ್ಯಾಕ್’ನಂಥವೂ ಇವೆ. ಅವು ನಿಧಾನ, ಆದರೆ ಅಪರೂಪಕ್ಕೊಮ್ಮೆ ಹುಡುಕುವವರಿಗೆ ಸಾಕು.

ಹೋಲಿಕೆಯ ಸಾರ ಇಷ್ಟೇ. ಹೆಸರಿನ ಒಂದು ತುಣುಕಾದರೂ ನೆನಪಿದ್ದರೆ ಎವೆರಿಥಿಂಗ್. ವಿಷಯ ಮಾತ್ರ ನೆನಪಿದ್ದರೆ ಡಾಕ್‌ಫೆಚರ್. ಹೊಸ ತಂತ್ರಾಂಶ ಅಳವಡಿಸಲು ಅನುಮತಿ ಇಲ್ಲದಿದ್ದರೆ, ಡಿ ಡ್ರೈವ್‌ನ ಫೋಲ್ಡರನ್ನು ಸೂಚಿಗೆ ಸೇರಿಸಿದ ವಿಂಡೋಸ್ ಹುಡುಕಾಟ. ಮೊದಲ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಕನ್ನಡದ ತೊಡಕು

ಇಷ್ಟಾದರೂ ಆ ತಾಯಿಯ ನಡವಳಿ ಸಿಗುತ್ತಿರಲಿಲ್ಲ. ಕಾರಣ, ಅದು ‘ನುಡಿ 01 ಇ’ಯಂತಹ ಹಳೆಯ ಅಕ್ಷರದಲ್ಲಿತ್ತು. ಇಂತಹ ಕಡತಗಳಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ, ಗಣಕಯಂತ್ರದೊಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳು; ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ. ನಾವು ಯೂನಿಕೋಡ್‌ನಲ್ಲಿ ‘ನಿರ್ಣಯ’ ಎಂದು ಕೇಳಿದರೆ ಯಾವ ತಂತ್ರಾಂಶಕ್ಕೂ ಅದು ಒಂದೇ ಪದವೆಂದು ತಿಳಿಯದು. ಇದಕ್ಕೊಂದು ಸರಳ ಉಪಾಯವಿದೆ. ಯಾವುದಾದರೂ ಹಳೆಯ ನಡವಳಿಯನ್ನು ತೆರೆದು, ಅದರಿಂದಲೇ ‘ಚರಂಡಿ’ ಎಂಬ ಪದವನ್ನು ನಕಲು ಮಾಡಿ ಹುಡುಕಾಟದ ಜಾಗದಲ್ಲಿ ಅಂಟಿಸಿರಿ. ಅಲ್ಲಿ ಅರ್ಥವಾಗದ ಚಿಹ್ನೆಗಳು ಕಂಡರೆ ಗಾಬರಿ ಬೇಡ; ಹಳೆಯ ಕಡತಗಳನ್ನು ಹುಡುಕಲು ಬೇಕಾದ ರೂಪ ಅದೇ. ಹೀಗೆ ಒಂದೇ ವಿಷಯಕ್ಕೆ ಯೂನಿಕೋಡ್‌ನಲ್ಲಿ ಒಮ್ಮೆ, ಹಳೆಯ ರೂಪದಲ್ಲಿ ಒಮ್ಮೆ, ಎರಡು ಸಲ ಹುಡುಕಬೇಕು. ಹೊಸ ಕಡತಗಳನ್ನು ಇನ್ನು ಮುಂದೆ ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು ಶಾಶ್ವತ ಪರಿಹಾರ.

ಇನ್ನೊಂದು ತೊಡಕು ನಮ್ಮ ಭಾಷೆಯ ಸ್ವಭಾವದಿಂದ ಬಂದುದು. ಕನ್ನಡದಲ್ಲಿ ಪ್ರತ್ಯಯವು ಪದಕ್ಕೆ ಅಂಟಿಕೊಳ್ಳುತ್ತದೆ: ನಿರ್ಣಯ, ನಿರ್ಣಯದಂತೆ, ನಿರ್ಣಯವನ್ನು. ಡಾಕ್‌ಫೆಚರ್ ಇಡೀ ಪದವನ್ನೇ ಹೋಲಿಸುವುದರಿಂದ ‘ನಿರ್ಣಯ’ ಎಂದರೆ ‘ನಿರ್ಣಯದಂತೆ’ ಎಂಬುದು ತಪ್ಪಿಹೋಗುತ್ತದೆ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ‘ನಿರ್ಣಯ*’ ಎಂದು ಕೇಳಿದರೆ ಎಲ್ಲ ರೂಪಗಳೂ ದೊರೆಯುತ್ತವೆ.

ಸ್ಕ್ಯಾನ್ ಮಾಡಿದ ಪ್ರತಿಗಳ ವಿಷಯ ಬೇರೆ. ಅವು ಚಿತ್ರಗಳು, ಒಳಗೆ ಹುಡುಕಲು ಪದಗಳೇ ಇರುವುದಿಲ್ಲ. ಮುದ್ರಿತ ಕನ್ನಡವನ್ನು ಚಿತ್ರದಿಂದ ಓದಬಲ್ಲ ‘ಟೆಸರ‍್ಯಾಕ್ಟ್’ನಂತಹ ತಂತ್ರಾಂಶಗಳಿವೆಯಾದರೂ, ಕೈಬರಹದ ನಡವಳಿಗೆ ಅವುಗಳನ್ನು ನೆಚ್ಚುವಂತಿಲ್ಲ. ಅಲ್ಲಿ ಕಡತದ ಹೆಸರೊಂದೇ ಆಧಾರ.

ಹೆಸರಿಡುವ ಶಿಸ್ತು

ಗೂಗಲ್ ಸಂಸ್ಥೆಯು 2004ರಲ್ಲಿ ‘ಗೂಗಲ್ ಡೆಸ್ಕ್‌ಟಾಪ್’ ಎಂಬ ಹುಡುಕಾಟದ ತಂತ್ರಾಂಶವನ್ನು ಹೊರತಂದು, 2011ರಲ್ಲಿ ನಿಲ್ಲಿಸಿತು. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಸರಿಯಾಗಿ ಇಟ್ಟ ಹೆಸರು ಉಳಿಯುತ್ತದೆ. ‘2024-07-15 ಸಾಮಾನ್ಯ ಸಭೆ ನಿರ್ಣಯ 12 ಕುಡಿಯುವ ನೀರು’ ಎಂಬಂತೆ ವರ್ಷ, ತಿಂಗಳು, ದಿನ, ಸಭೆ, ಸಂಖ್ಯೆ, ವಿಷಯ ಈ ಕ್ರಮದಲ್ಲಿ ಹೆಸರಿಟ್ಟರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಕಡತದ ಹೆಸರಿನಲ್ಲಿ ಓರೆಗೆರೆಯನ್ನು ವಿಂಡೋಸ್ ಒಪ್ಪುವುದಿಲ್ಲವಾದ್ದರಿಂದ ಅಡ್ಡಗೆರೆ ಬಳಸತಕ್ಕದ್ದು.

ಎರಡು ಎಚ್ಚರಿಕೆಗಳು. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಮಾತ್ರ, ಮೇಲಧಿಕಾರಿಗಳ ಅನುಮತಿ ಪಡೆದು ಅಳವಡಿಸಬೇಕು. ಹಾಗೆಯೇ ಆಧಾರ್ ಪ್ರತಿ, ಬ್ಯಾಂಕ್ ವಿವರ ಇರುವ ಫೋಲ್ಡರ್‌ಗಳನ್ನು ಸೂಚಿಯಿಂದ ಹೊರಗಿಡಬೇಕು. ನಮಗೆ ಸುಲಭವಾಗಿ ಸಿಗುವುದು, ಆ ಯಂತ್ರದ ಮುಂದೆ ಕೂರುವ ಯಾರಿಗಾದರೂ ಸುಲಭವಾಗಿ ಸಿಗುತ್ತದೆ.

ಸದಸ್ಯರ ಪಾತ್ರ

ತಾವು ಕೀಲಿಮಣೆಯ ಮುಂದೆ ಕೂರಬೇಕೆಂದು ನಾನು ಹೇಳುತ್ತಿಲ್ಲ. ತಾವು ಕೇಳಬೇಕಾದುದು ನಾಲ್ಕು ಪ್ರಶ್ನೆಗಳನ್ನು. ಡಿ ಡ್ರೈವ್ ಸೇರಿ ಎಲ್ಲ ಸ್ಥಳಗಳಲ್ಲಿ ನೋಡಲಾಯಿತೇ? ಹೆಸರಿನಿಂದಲೂ ವಿಷಯದಿಂದಲೂ ಹುಡುಕಲಾಯಿತೇ? ಯೂನಿಕೋಡ್ ಮತ್ತು ಹಳೆಯ ನುಡಿ ಎರಡರಲ್ಲೂ ಹುಡುಕಲಾಯಿತೇ? ಸ್ಕ್ಯಾನ್ ಪ್ರತಿಗಳನ್ನೂ ನಡವಳಿ ಪುಸ್ತಕವನ್ನೂ ಕಣ್ಣಾರೆ ಪರಿಶೀಲಿಸಲಾಯಿತೇ? ಈ ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ಬಾರದೆ, ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹಕ್ಕೆ ಸಹಿ ಬೀಳಬಾರದು. ಪರದೆಯ ಮೇಲೆ ಏನೂ ಕಾಣದಿದ್ದರೆ, ಕೇಳಿದ ರೂಪದಲ್ಲಿ ಅದು ಸಿಗಲಿಲ್ಲ ಎಂದಷ್ಟೇ ಅರ್ಥ. ದಾಖಲೆ ಇಲ್ಲವೆಂದು ಅರ್ಥವಲ್ಲ.

ಆಪರೇಟರ್ ಬದಲಾದಾಗ ಬೀಗದ ಕೀಲಿಯಂತೆ, ಯಾವ ಫೋಲ್ಡರ್‌ನಲ್ಲಿ ಏನಿದೆ ಎಂಬ ಒಂದು ಪುಟದ ಟಿಪ್ಪಣಿಯೂ ಹಸ್ತಾಂತರವಾಗುವಂತೆ ಸಭೆಯಲ್ಲಿ ನಿರ್ಣಯ ಕೈಗೊಳ್ಳಿರಿ. ಆ ನಿರ್ಣಯದ ಕಡತಕ್ಕೂ ಸರಿಯಾದ ಹೆಸರನ್ನಿಡಿರಿ. ಮುಂದೆ ನಮ್ಮ ಬಾಗಿಲಿಗೆ ಬರುವ ತಾಯಿಯೊಬ್ಬರು ಮೊದಲ ಭೇಟಿಯಲ್ಲಿಯೇ ಪ್ರತಿಯನ್ನು ಕೈಯಲ್ಲಿ ಹಿಡಿದು ಹಿಂದಿರುಗುವಂತಾಗಲಿ.