ಹುಟ್ಟುಗುಣವೋ, ಸಾಕಿದ ಗುಣವೋ?

(ರೈತರ ಮತ್ತು ಕುರಿಗಾರರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇಂದು ನಾನು ಗೊಬ್ಬರದ ವಿಷಯವನ್ನಾಗಲಿ, ಬೀಜೋಪಚಾರದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ಕೊಟ್ಟಿಗೆಯಲ್ಲಿ ಆಗತಾನೆ ಬಿದ್ದ ಕರು, ರೊಪ್ಪದಲ್ಲಿ ಹುಟ್ಟಿದ ಕುರಿಮರಿ, ತೊಟ್ಟಿಲಲ್ಲಿ ಮಲಗಿದ ಕೂಸು, ಇವುಗಳ ಮೊದಲ ಕೆಲವು ಗಂಟೆ ಮತ್ತು ಮೊದಲ ಕೆಲವು ದಿನಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆತನವನ್ನು ಹಿಡಿದು ನಿಲ್ಲಿಸುವುದು ಕುರಿ, ಎಮ್ಮೆ, ಆಕಳುಗಳೇ. ಆದುದರಿಂದ ಇದು ಹೊಟ್ಟೆಪಾಡಿನ ವಿಷಯವೂ ಹೌದು.

ನಮ್ಮಲ್ಲಿ ಎರಡು ಗಾದೆಗಳುಂಟು. ಒಂದು, "ಹುಟ್ಟುಗುಣ ಸುಟ್ಟರೂ ಹೋಗದು." ಇನ್ನೊಂದು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಮೊದಲನೆಯದು ಎಲ್ಲವೂ ರಕ್ತದಲ್ಲೇ ಬಂದದ್ದೆಂದು ಹೇಳುತ್ತದೆ. ಎರಡನೆಯದು ಎಳೆಯದಿರುವಾಗ ತಿದ್ದಿದರೆ ತಿದ್ದಬಹುದೆಂದು ಹೇಳುತ್ತದೆ. ಎರಡನ್ನೂ ನಮ್ಮ ಹಿರಿಯರೇ ಹೇಳಿದ್ದಾರೆ. ಹಾಗಾದರೆ ಯಾವುದು ನಿಜ? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ನಾನು ಓದಿದ ಕೃಷಿ ಡಿಪ್ಲೊಮಾ ಅಲ್ಲ, ಒಂದು ಕುರಿಮರಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಕೊಟ್ಟೂರಿನ ಆಚೆಯ ಎರೆಹೊಲದಲ್ಲಿ ಒಂದು ಕುರಿ ಹಿಂಡು ತಂಗಿತ್ತು. ಕಾರ್ತಿಕದ ಚಳಿ. ರಾತ್ರಿ ಒಂದು ಕುರಿ ಎರಡು ಮರಿ ಈಯಿತು. ಮೊದಲನೆಯ ಮರಿಯನ್ನು ತಾಯಿ ನೆಕ್ಕುತ್ತಿತ್ತು. ಎರಡನೆಯದು ಲೋಳೆ ಮೈಯಲ್ಲಿ ನಡುಗುತ್ತಿತ್ತು. ಶುಚಿತ್ವದ ಪಾಠ ಹೊಸದಾಗಿ ಕಲಿತು ಬಂದಿದ್ದ ನಾನು ಅದನ್ನು ಎತ್ತಿಕೊಂಡು, ಸಾಬೂನು ಹಚ್ಚಿ ಬಿಸಿನೀರಿನಲ್ಲಿ ತೊಳೆದು, ಗೋಣಿಚೀಲದಲ್ಲಿ ಸುತ್ತಿ, ಬೆಳಗಿನವರೆಗೆ ಬೆಂಕಿಯ ಪಕ್ಕದಲ್ಲಿ ಇಟ್ಟುಕೊಂಡೆ. ಒಳ್ಳೆಯದನ್ನೇ ಮಾಡಿದೆನೆಂದು ನನ್ನ ನಂಬಿಕೆ. ಬೆಳಿಗ್ಗೆ ತಾಯಿಯ ಬಳಿ ಬಿಟ್ಟರೆ ಅದು ಮೂಸಿ ನೋಡಿ, ತಲೆಯಿಂದ ಗುದ್ದಿ ಕೆಡವಿತು. ಮತ್ತೆ ಬಿಟ್ಟೆ, ಮತ್ತೆ ಗುದ್ದಿತು. ಆ ಮನೆಯ ಅಜ್ಜಿ ನೋಡಿ, "ಯಪ್ಪಾ, ನೀ ಮರೀನ ತೊಳೀಲಿಲ್ಲ, ಅದರ ಗುರುತು ತೊಳದಿ" ಎಂದಳು. ಆಕಳ ಹಾಲು ಕುಡಿಸಿ ನೋಡಿದೆವು. ನಾಲ್ಕನೆಯ ದಿನ ಮರಿ ಸತ್ತಿತು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಅಜ್ಜಿಯ ಮಾತು ಪೂರ್ತಿ ನಿಜವೆಂದು ಆಮೇಲೆ ಓದಿ ತಿಳಿದೆ. ಕುರಿ ಈಯುವಾಗ ಗರ್ಭದ ಬಾಯಿ ಹಿಗ್ಗುತ್ತದಷ್ಟೆ. ಆ ಹಿಗ್ಗುವಿಕೆಯಿಂದ ತಾಯಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ಎಂಬ ರಸ ಒಸರುತ್ತದೆ. ಬೇರೆ ದಿನಗಳಲ್ಲಿ ಗರ್ಭದ ಲೋಳೆಯ ವಾಸನೆಗೆ ಮುಖ ತಿರುವುವ ಕುರಿ, ಆಗ ಅದೇ ವಾಸನೆಗೆ ಮನಸೋತು ನೆಕ್ಕಲು ತೊಡಗುತ್ತದೆ. ನೆಕ್ಕುತ್ತ ನೆಕ್ಕುತ್ತ ಸುಮಾರು ಎರಡು ಗಂಟೆಯೊಳಗೆ ತನ್ನ ಮರಿಯ ವಾಸನೆ ಇಂಥದೇ ಎಂದು ಗುರುತು ಹಿಡಿಯುತ್ತದೆ. ಆ ಮೇಲೆ ಬೇರೆ ಮರಿಗಳಿಗೆ ಮೊಲೆ ಕೊಡುವುದಿಲ್ಲ. ಹುಟ್ಟಿದ ಕೂಡಲೇ ಮರಿಯನ್ನು ಹಲವು ಗಂಟೆ ದೂರವಿಟ್ಟರೆ ಆ ಬಾಗಿಲು ಮುಚ್ಚಿಹೋಗುವುದುಂಟು. ಮೊದಲ ಸಲ ಈಯುವ ಕುರಿಯಲ್ಲಂತೂ ಇದು ಇನ್ನೂ ಬೇಗ ಕೆಡುತ್ತದೆ. ನೆಕ್ಕುವ ಆಸೆ ಹುಟ್ಟಿನಿಂದ ಬಂದದ್ದು. ಯಾವ ಮರಿಯನ್ನು ನೆಕ್ಕಬೇಕೆಂಬುದು ಆ ಎರಡು ಗಂಟೆಯಲ್ಲಿ ಕಲಿತದ್ದು.

ಹಾಗಾದರೆ ಎಲ್ಲವೂ ಕಲಿಕೆಯೇ ಎಂದು ಕೇಳಬಹುದು. ಅಲ್ಲ. ಕಾಗೆಯ ಗೂಡಿನಲ್ಲಿ ಹುಟ್ಟಿ, ಕಾಗೆ ಕೊಟ್ಟ ಗುಟುಕು ತಿಂದು ಬೆಳೆದ ಗಂಡು ಕೋಗಿಲೆ ಮುಂದೆ ಕಾ ಕಾ ಎನ್ನುವುದಿಲ್ಲ, ಕುಹೂ ಎಂದೇ ಕೂಗುತ್ತದೆ. ಅದು ಹುಟ್ಟುಗುಣ. ಇನ್ನು ಹೇಂಟೆಯ ಕೆಳಗೆ ಬಾತುಕೋಳಿಯ ಮೊಟ್ಟೆ ಇಟ್ಟು ಕಾವು ಕೊಡಿಸಿದವರು ಒಂದು ಸೋಜಿಗ ಕಂಡಿರುತ್ತೀರಿ. ಮರಿಗಳು ಹೇಂಟೆಯನ್ನೇ ತಾಯಿಯೆಂದು ತಿಳಿದು ಅದರ ಹಿಂದೆ ಓಡಾಡುತ್ತವೆ. ಅದು ಕಲಿತ ಗುಣ. ನೀರು ಕಂಡೊಡನೆ ಇಳಿದು ಈಜುತ್ತವೆ. ಅದು ಹುಟ್ಟುಗುಣ. ದಂಡೆಯ ಮೇಲೆ ನಿಂತ ಹೇಂಟೆ ಮಾತ್ರ ಬಾಯಿ ಬಡಿದುಕೊಳ್ಳುತ್ತದೆ! ಒಂದೇ ಮರಿಯಲ್ಲಿ ಎರಡು ಗಾದೆಗಳೂ ನಿಜವಾದುವು, ನೋಡಿರಿ.

ಹೀಗೆ ಹುಟ್ಟಿದ ಹೊಸದರಲ್ಲಿ ಕಂಡದ್ದರ ಹಿಂದೆ ಹೋಗುವ ಸ್ವಭಾವವನ್ನು ಆಸ್ಟ್ರಿಯಾ ದೇಶದ ಕೊನ್ರಾಡ್ ಲೊರೆನ್ಜ್ ಎಂಬ ವಿಜ್ಞಾನಿ ವಿವರವಾಗಿ ಪರೀಕ್ಷಿಸಿ 1935ರಲ್ಲಿ ಬರೆದರು. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡದ್ದು ಅವರನ್ನೇ ಆದುದರಿಂದ, ಅವರನ್ನೇ ತಾಯಿಯೆಂದು ನಂಬಿ ಹಿಂಬಾಲಿಸಿದುವು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಕುರಿ, ಆಡುಗಳನ್ನು ಕೂಡಿ ಕಾಯುವ ನಿಮಗೆ ಇನ್ನೊಂದು ಪರೀಕ್ಷೆ ರುಚಿಸಬಹುದು. ಇಂಗ್ಲೆಂಡಿನ ವಿಜ್ಞಾನಿಗಳು ಆಗತಾನೆ ಹುಟ್ಟಿದ ಆಡಿನ ಮರಿಗಳನ್ನು ಕುರಿಗಳಿಗೂ, ಕುರಿಮರಿಗಳನ್ನು ಆಡುಗಳಿಗೂ ಹಚ್ಚಿ ಬೆಳೆಸಿದರು. 1998ರಲ್ಲಿ ಅದರ ಫಲಿತಾಂಶ ಹೊರಬಂದಿತು. ಕುರಿಯ ಹಾಲು ಕುಡಿದು ಬೆಳೆದ ಹೋತ ದೊಡ್ಡದಾದ ಮೇಲೆ ಕುರಿಗಳನ್ನೇ ಬೆನ್ನಟ್ಟಿತು. ತನ್ನ ಜಾತಿಯವುಗಳ ನಡುವೆಯೇ ಮೂರು ವರ್ಷ ಇಟ್ಟರೂ ಆ ಚಾಳಿ ಬಿಡಲಿಲ್ಲ. ಹೆಣ್ಣು ಮರಿಗಳು ಒಂದೆರಡು ವರ್ಷದಲ್ಲಿ ತಮ್ಮ ಜಾತಿಗೇ ತಿರುಗಿದುವು. ಎಳೆತನದ ಅಚ್ಚು ಎಷ್ಟು ಆಳ ಇಳಿಯುವುದೆಂಬುದಕ್ಕೂ, ಅದು ಗಂಡು ಹೆಣ್ಣುಗಳಲ್ಲಿ ಬೇರೆ ಬೇರೆಯೆಂಬುದಕ್ಕೂ ಇದು ಸಾಕ್ಷಿ.

ಕೆನಡಾ ದೇಶದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷೆ ನಡೆಯಿತು. ಕೆಲವು ತಾಯಿ ಇಲಿಗಳು ಮರಿಗಳನ್ನು ಬಹಳ ನೆಕ್ಕುತ್ತವೆ, ಕೆಲವು ಕಡಿಮೆ. ಬಹಳ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಧೈರ್ಯವಾಗಿರುತ್ತವೆ, ಸಣ್ಣ ಸದ್ದಿಗೆ ಬೆದರುವುದಿಲ್ಲ. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿಗೆ ಹಚ್ಚಿದರೆ ಅದೂ ಧೈರ್ಯದ ಇಲಿಯೇ ಆಯಿತು. ರಕ್ತ ಬದಲಾಗಲಿಲ್ಲ. ರಕ್ತದಲ್ಲಿದ್ದ ಯಾವ ಗುಣ ಎಚ್ಚರವಾಗಬೇಕು, ಯಾವುದು ಮಲಗಬೇಕು ಎಂಬುದು ಬದಲಾಯಿತು. ಒಂದೇ ಚೀಲದ ಜೋಳದ ಬೀಜವನ್ನು ಹದ ನೋಡಿ ಬಿತ್ತಿದವನ ಹೊಲವೂ, ಹದ ತಪ್ಪಿ ಬಿತ್ತಿದವನ ಹೊಲವೂ ಒಂದೇ ರೀತಿ ಬರುವುದಿಲ್ಲವೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬೀಜವಿಲ್ಲದೆ ಹದ ಏನೂ ಮಾಡದು, ಹದವಿಲ್ಲದೆ ಬೀಜವೂ ಏನೂ ಮಾಡದು.

ಎಲ್ಲ ಮರಿಗಳೂ ಒಂದೇ ಹದಕ್ಕೆ ಹುಟ್ಟುವುದಿಲ್ಲ. ಕುರಿಮರಿ ಅರ್ಧ ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯ ಜಾಲಿಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳ ಮರಿಗಳಾದರೋ, ಮೊಟ್ಟೆಯಿಂದ ಬಂದಾಗ ಏನೂ ಕೈಲಾಗದವು. ವಾರಗಟ್ಟಲೆ ತಾಯಿತಂದೆಗಳು ತಂದು ಉಣಿಸಬೇಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಗುಡ್ಡಗಳಲ್ಲಿ ಕರಡಿ ತನ್ನ ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹುತ್ತ ಅಗೆಯುವುದನ್ನು, ಹಣ್ಣಿನ ಜಾಗವನ್ನು ಮರಿ ಹಾಗೆ ಕಲಿಯುತ್ತದೆ. ಹಿಂದೆ ಮರಿಗಳನ್ನು ತಾಯಿಯಿಂದ ಕಿತ್ತು ತಂದು ಕುಣಿಸುವ ಪದ್ಧತಿ ಇದ್ದಿತು. ಅಂಥ ಕರಡಿಗಳನ್ನು ಬಿಡಿಸಿದ ಮೇಲೂ ಕಾಡಿಗೆ ಬಿಡಲಾಗಲಿಲ್ಲ. ಬೆಂಗಳೂರಿನ ಬಳಿಯ ಬನ್ನೇರುಘಟ್ಟದಂಥ ಆರೈಕೆ ಕೇಂದ್ರಗಳಲ್ಲೇ ಸಾಕಬೇಕಾಯಿತು. ಅವು ಹುಟ್ಟಿನಿಂದ ಕರಡಿಗಳೇ. ಆದರೆ ಕಾಡಿನಲ್ಲಿ ಬದುಕುವ ವಿದ್ಯೆಯನ್ನು ಹೇಳಿಕೊಡುವವಳ ಬೆನ್ನು ಅವಕ್ಕೆ ಸಿಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಲ ಬೆನ್ನು ಬೇಕಾದದ್ದು ಮನುಷ್ಯನ ಕೂಸಿಗೆ. ಕೆನ್ನೆ ಮುಟ್ಟಿದರೆ ಬಾಯಿ ತಿರುಗಿಸುವುದು, ಚೀಪುವುದು, ಬೆರಳು ಹಿಡಿಯುವುದು, ಇವನ್ನು ಕೂಸು ಕಲಿತೇ ಹುಟ್ಟಿರುತ್ತದೆ. ಇನ್ನೊಂದನ್ನು ಹೊಟ್ಟೆಯೊಳಗಿದ್ದಾಗಲೇ ಕೇಳಿ ಕಲಿತಿರುತ್ತದೆ. ಅದು ತಾಯಿಯ ದನಿ. ಮೂರು ದಿನವೂ ತುಂಬದ ಕೂಸುಗಳು ಬೇರೆ ಹೆಂಗಸರ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಬಯಸುವುವೆಂದು 1980ರಲ್ಲಿ ಅಮೆರಿಕದಲ್ಲಿ ಪರೀಕ್ಷೆಯಿಂದ ತೋರಿಸಿದರು. ಆದುದರಿಂದ, ಏನೂ ತಿಳಿಯದ ಕೂಸಿನೊಡನೆ ಮಾತೇನು ಎಂದು ಯಾರೂ ಅನ್ನಬೇಡಿ. ಕೂಸು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಇನ್ನೂ ಕೆಲವು ಮನೆಗಳಲ್ಲಿದೆ. ಆಕಳ ಗಿಣ್ಣವನ್ನು ಕರುವಿಗೆ ಬಿಡುವ ನಾವು, ಕೂಸಿನ ಗಿಣ್ಣವನ್ನು ನೆಲಕ್ಕೆ ಚೆಲ್ಲುವುದು ಯಾವ ನ್ಯಾಯ?

ನಮ್ಮ ಸೀಮೆಯ ಒಂದು ಕಷ್ಟವನ್ನೂ ಇಲ್ಲಿ ಹೇಳಬೇಕು. ಮಳೆಯಿಲ್ಲದ ವರ್ಷ ಅನೇಕರು ದುಡಿಯಲು ಗುಳೆ ಹೋಗುತ್ತಾರೆ. ಎಳೆಯ ಮಕ್ಕಳು ಒಮ್ಮೆ ಅಜ್ಜಿಯ ಬಳಿ, ಒಮ್ಮೆ ಅತ್ತೆಯ ಬಳಿ, ಒಮ್ಮೆ ನೆರೆಮನೆಯಲ್ಲಿ ಬೆಳೆಯುತ್ತವೆ. ಹೊಟ್ಟೆಪಾಡಿಗೆ ಹೋದವರನ್ನು ದೂರಲು ನಾನು ಯಾರು? ಆದರೆ ಇಷ್ಟು ಮಾಡಿರಿ. ಮಗುವನ್ನು ಬಿಟ್ಟುಹೋಗಲೇಬೇಕಾದರೆ ಕೈಯಿಂದ ಕೈಗೆ ಹೋಗದಂತೆ ಒಬ್ಬರ ಮಡಿಲಿಗೇ ಒಪ್ಪಿಸಿರಿ. ದಿನವೂ ಫೋನಿನಲ್ಲಿ ನಿಮ್ಮ ದನಿ ಕೇಳಿಸಿರಿ. ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ಅಂಗನವಾಡಿಯಲ್ಲಿ ಏನು ಅನುಕೂಲವಿದೆ ಎಂದು ವಿಚಾರಿಸಿರಿ. ರುಮೇನಿಯಾ ದೇಶದಲ್ಲಿ ಅನಾಥಾಲಯದ ಮಕ್ಕಳನ್ನು ಮನೆಗಳಿಗೆ ಸೇರಿಸಿ 2000ದಿಂದ ನಡೆಸಿದ ಅಧ್ಯಯನದಲ್ಲಿ, ಸುಮಾರು ಎರಡು ವರ್ಷದೊಳಗೆ ಒಂದು ಮಡಿಲು ಸಿಕ್ಕಿದ ಮಕ್ಕಳು ಹೆಚ್ಚು ಚೇತರಿಸಿಕೊಂಡುವು. ತಡವಾದರೂ ಪ್ರೀತಿ ವ್ಯರ್ಥವಲ್ಲ. ಬೇಗನೆ ಸಿಕ್ಕಿದರೆ ಫಲ ಹೆಚ್ಚು.

ಇನ್ನು ರೊಪ್ಪದಲ್ಲೂ ಕೊಟ್ಟಿಗೆಯಲ್ಲೂ ಮಾಡತಕ್ಕ ಕೆಲಸಗಳು:

1. ಕುರಿ ಈದ ಮೇಲೆ ಕನಿಷ್ಠ ಎರಡು ಗಂಟೆ ತಾಯಿಮರಿಗಳನ್ನು ಅಗಲಿಸಬೇಡಿ. ನಾಯಿ, ಜನ, ಬೇರೆ ಕುರಿಗಳು ಬರದಂತೆ ಒಂದು ಮೂಲೆಯಲ್ಲಿ ತಡಿಕೆ ಕಟ್ಟಿ ಒಂದೆರಡು ದಿನ ಬಿಡಿ. ಅವಳಿ ಇದ್ದರೆ ಇನ್ನೊಂದು ದಿನ ಹೆಚ್ಚು.

2. ಮರಿಯನ್ನು ತೊಳೆಯಬೇಡಿ. ಮೂಗು ಬಾಯಿಯ ಲೋಳೆಯನ್ನಷ್ಟೇ ಒರೆಸಿ. ಚಳಿಯಿದ್ದರೆ ಒಣಹುಲ್ಲು ಹಾಸಿ, ತಾಯಿಯ ಮುಂದೆಯೇ ಬೆಚ್ಚಗಿಡಿ. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ.

3. ಎರಡು ಗಂಟೆಯೊಳಗೆ ಗಿಣ್ಣ ಹೊಟ್ಟೆಗೆ ಬೀಳಲಿ. ತಾನಾಗಿ ಕುಡಿಯದ ಮರಿಗೆ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರಿನಂತೆ ಹಿಂಡಿ ಕುಡಿಸಿ. ರೋಗ ತಡೆಯುವ ಶಕ್ತಿ ಕರುವಿಗೂ ಮರಿಗೂ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣದಲ್ಲೇ ಸಿಗುತ್ತದೆ. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ.

4. ತಬ್ಬಲಿ ಮರಿಯಿದ್ದರೆ, ಆಗತಾನೆ ಈದ ಬೇರೆ ಕುರಿಯ ಲೋಳೆಯನ್ನು ಅದರ ಮೈಗೆ ಸವರಿ ಆ ಕುರಿಗೆ ಹಚ್ಚಿ. ಮರಿ ಸತ್ತ ಕುರಿಯಾದರೆ, ಸತ್ತ ಮರಿಯ ತೊಗಲನ್ನು ಎರಡು ಮೂರು ದಿನ ತಬ್ಬಲಿಗೆ ಹೊದಿಸುವುದು ಹಳೆಯ, ಒಳ್ಳೆಯ ಉಪಾಯ.

5. ಬಾಟಲಿ ಹಾಲಿನ ಗಂಡು ಮರಿಯನ್ನು ಒಂಟಿಯಾಗಿ ಮನೆಯಲ್ಲಿ ಸಾಕಬೇಡಿ. ತಾನೂ ಮನುಷ್ಯನ ಹಿಂಡಿನದೆಂದು ತಿಳಿದ ಟಗರು, ಹೋರಿ ಮುಂದೆ ಮನುಷ್ಯನ ಮೇಲೆಯೇ ತಿರುಗಿ ಬೀಳುತ್ತವೆ. ಬೇರೆ ಮರಿಗಳೊಡನೆ ಬಿಟ್ಟು ಬೆಳೆಸಿ.

6. ಹೆಣ್ಣುಗರುವಿನ ಮೈಯನ್ನು ಮೊದಲ ವಾರಗಳಿಂದಲೇ ದಿನವೂ ಸವರಿ, ಮೆಲ್ಲಗೆ ಮಾತನಾಡಿಸಿ. ಬಾಲ ಮುರಿಯುವುದು, ಹೊಡೆಯುವುದು ಬೇಡ. ಮುಂದೆ ಕರೆಯುವಾಗ ಒದೆಯದೆ ನಿಲ್ಲುವುದಕ್ಕೆ ಇದು ಬಹಳ ಸಹಾಯ.

ಬಾಂಧವರೇ, ಹುಟ್ಟುಗುಣ ನಮ್ಮ ಕೈಯಲ್ಲಿಲ್ಲ. ಒಳ್ಳೆಯ ಟಗರು, ಒಳ್ಳೆಯ ಹೋರಿಯನ್ನು ಆರಿಸುವಷ್ಟು ಮಾತ್ರ ನಮ್ಮ ಕೈ. ಮೊದಲ ಗಂಟೆ, ಮೊದಲ ದಿನಗಳು ಪೂರಾ ನಮ್ಮ ಕೈಯಲ್ಲಿವೆ. ಅದಕ್ಕೆ ದುಡ್ಡು ಬೇಡ, ಸಾಲ ಬೇಡ, ಅರ್ಜಿ ಬೇಡ. ಮುಂದಿನ ಸಲ ನಿಮ್ಮ ರೊಪ್ಪದಲ್ಲಿ ಕುರಿ ಈದಾಗ ನನಗೆ ಹೇಳಿಕಳುಹಿಸಿ, ಬರುತ್ತೇನೆ. ಈ ಸಲ ಕೈ ಕಟ್ಟಿಕೊಂಡು ದೂರ ನಿಂತು ನೋಡುತ್ತೇನೆ.